ಗಡಿ ದಾಟಬೇಕಾದ್ದು ಏನು? ಬಾಲ್ಕನ್ ಹಳ್ಳಿಗಳ ಮಾದರಿಗಳಲ್ಲಿ ಯಾವುದನ್ನು ಆರಿಸಬೇಕು

ಬಾಲ್ಕನ್ ಹಳ್ಳಿಗಳ ಬಗ್ಗೆ ಎಲ್ಲಾದರೂ ಎರಡು ಮಾತಾಡಿದರೆ ಸಾಕು, ಪ್ರಶ್ನೆಗಳು ಬರುತ್ತವೆ. ಕೇಳುವವರಲ್ಲಿ ಗ್ರಾಮೀಣಾಭಿವೃದ್ಧಿ ಓದುತ್ತಿರುವವರು ಇದ್ದಾರೆ. ಯೂರೋಪಿನಲ್ಲಿ ಓದುತ್ತಾ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ರೈತ ಸಂಘಗಳ ಜೊತೆ ಕೆಲಸ ಮಾಡುವವರೂ ಇದ್ದಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಗೊಂದಲ: "ಅಲ್ಲಿ ಅಕ್ಕಪಕ್ಕದ ದೇಶಗಳು ಸೇರಿಕೊಂಡು ಹಳ್ಳಿ ಕೆಲಸ ಮಾಡುತ್ತವಂತೆ. ಮಾದರಿ ಐದಾರು ಇವೆ. ಇರೋದು ಮೂರು ತಿಂಗಳು, ದುಡ್ಡು ಅಷ್ಟಕ್ಕಷ್ಟೇ. ಯಾವುದನ್ನು ಹಿಡಿಯಲಿ?"

ಅದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಆರಿಸುವ ದಾರಿ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೆಲದ ಕಥೆ. ನಾನು ಹೇಳುತ್ತಿರುವುದು ಅಲ್ಬೇನಿಯಾ, ಬೋಸ್ನಿಯಾ, ಕೊಸೊವೊ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯಾ, ಸರ್ಬಿಯಾ ಈ ಆರು ನಾಡುಗಳ ಬಗ್ಗೆ. ಅಲ್ಬೇನಿಯಾ ಬಿಟ್ಟು ಉಳಿದ ಐದೂ ಆಗ ಯುಗೊಸ್ಲಾವಿಯಾ ಅನ್ನುವ ಒಂದೇ ದೇಶದಲ್ಲಿದ್ದವು. ಆರೂ ಕಡೆ ಕಮ್ಯುನಿಸ್ಟ್ ಆಡಳಿತ ಇತ್ತು, ಆದರೆ ಒಂದೇ ಥರ ಇರಲಿಲ್ಲ. ಯುಗೊಸ್ಲಾವಿಯಾ 1953ರಲ್ಲೇ ಸಾಮೂಹಿಕ ಬೇಸಾಯವನ್ನು ಕೈಬಿಟ್ಟಿತು. 10 ಹೆಕ್ಟೇರ್‌ವರೆಗೆ ಜಮೀನು ರೈತನ ಹೆಸರಲ್ಲೇ ಉಳಿಯಿತು. ಅಲ್ಬೇನಿಯಾದಲ್ಲಿ ಹೊಲ ಹೋಯಿತು, ಕೊನೆಗೆ ಹಿತ್ತಿಲಲ್ಲಿದ್ದ ಕುರಿ ಮೇಕೆಯೂ ಹೋಯಿತು. 1991ರಲ್ಲಿ 7501ನೇ ಕಾಯ್ದೆ ಬಂದಾಗ ಜಮೀನನ್ನು ಮನೆಯ ತಲೆ ಎಣಿಸಿ ಹಂಚಿದರು. ಒಂದು ಮನೆಗೆ ಸಿಕ್ಕಿದ್ದು ಸುಮಾರು ಒಂದು ಹೆಕ್ಟೇರ್, ಅದೂ ಅಲ್ಲೊಂದು ಚೂರು ಇಲ್ಲೊಂದು ಚೂರು.

ಇದನ್ನು ಯಾಕೆ ಹೇಳಿದೆ ಅಂದರೆ, ನಮಗೆ "ಸಹಕಾರ ಸಂಘ" ಅಂದ ಕೂಡಲೇ 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಶುರುವಾದ ಸಂಘ ನೆನಪಾಗುತ್ತದೆ, ಬೆಳಿಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತ ಸಾಲು ನೆನಪಾಗುತ್ತದೆ. ಅಲ್ಬೇನಿಯಾದ ಹಿರಿಯರಿಗೆ ಅದೇ ಪದ ಕುರಿ ಕಿತ್ತುಕೊಂಡ ದಿನವನ್ನು ನೆನಪಿಸುತ್ತದೆ. ನಮ್ಮ ಕಣ್ಣಿಂದ ಅವರ ಸಂಘಗಳನ್ನು ಅಳೆಯೋಕೆ ಹೋಗಬೇಡಿ. "ಇಷ್ಟು ಚಿಕ್ಕ ಹಿಡುವಳಿ ಇಟ್ಟುಕೊಂಡು ಇವರು ಯಾಕೆ ಒಟ್ಟಿಗೆ ಸೇರಲ್ಲ" ಅಂತ ಕೇಳುವ ಮೊದಲು ಈ ಹಿನ್ನೆಲೆ ಗೊತ್ತಿರಬೇಕು.

ಇನ್ನೊಂದು ವಿಷಯ. ಯುಗೊಸ್ಲಾವಿಯಾ ಒಡೆದಾಗ ಒಳಗಿನ ಗೆರೆಗಳೆಲ್ಲ ದೇಶದ ಗಡಿಗಳಾದವು. ಮೇವಿನ ಬೆಟ್ಟ, ಸಂತೆ ಊರು, ಹೆಣ್ಣು ಕೊಟ್ಟ ಮನೆ, ಎಲ್ಲದರ ನಡುವೆ ಗಡಿ ಬಂತು. ಅಲ್ಬೇನಿಯಾದ ಗಡಿ ಮಾತ್ರ ಮೊದಲಿನಿಂದಲೂ ಬಿಗಿ, ದಾಟಲು ಹೋದವರಿಗೆ ಗುಂಡು ಬೀಳುತ್ತಿತ್ತು. 1991ರ ನಂತರ ಅದು ತೆರೆಯಿತು. ತೆರೆದ ಮೇಲೆ ಜನ ಹೊರಟೇ ಹೋದರು. 2011ರ ಜನಗಣತಿಯಲ್ಲಿ 28 ಲಕ್ಷ ಇದ್ದ ಅಲ್ಬೇನಿಯಾ 2023ರಲ್ಲಿ 24 ಲಕ್ಷಕ್ಕೆ ಇಳಿದಿದೆ. ಗುಡ್ಡದ ಊರುಗಳಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಬೀಗ ಹಾಕಿದ ಮನೆಗಳು, ವಯಸ್ಸಾದವರು, ಆಗಸ್ಟ್‌ನಲ್ಲಿ ಮಾತ್ರ ಬರುವ ಮಕ್ಕಳು.

ಅಳೆಯೋದು ಹೇಗೆ

ಯಾವ ಮಾದರಿ ಕೈಗೆ ಬಂದರೂ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಗಡಿ ದಾಟಬೇಕಾದ್ದು ಏನು: ಮನುಷ್ಯರೋ, ಸರಕೋ, ದುಡ್ಡೋ, ಬರೀ ಕಾಗದವೋ? ಮೊದಲು ಜೇಬಿನಿಂದ ಹಾಕಬೇಕಾದವರು ಯಾರು? ಏನು ಮಾಡಬೇಕು ಅಂತ ತೀರ್ಮಾನ ಮಾಡುವವರು ಊರಿನವರೋ, ರಾಜಧಾನಿಯವರೋ? ಯೋಜನೆಯ ದುಡ್ಡು ಮುಗಿದ ಮರುದಿನ ಏನು ಉಳಿಯುತ್ತದೆ?

ಇವುಗಳಲ್ಲಿ ಮೊದಲನೆಯದೇ ಮುಖ್ಯ. ಅದು ಸರಿಯಾಗಿ ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ. ಕುರಿ ಗಡಿ ದಾಟಬೇಕಾದ ಕಡೆ ಪ್ರವಾಸದ ಯೋಜನೆ ಹಾಕಿದರೆ ಕುರಿಗಾಹಿಗೆ ಏನೂ ಸಿಗುವುದಿಲ್ಲ. ಅಂಥ ತಪ್ಪು ಸಾಕಷ್ಟು ಆಗಿದೆ.

ಮನುಷ್ಯರು ದಾಟುವ ದಾರಿ: ಪೀಕ್ಸ್ ಆಫ್ ದ ಬಾಲ್ಕನ್ಸ್

ಅಲ್ಬೇನಿಯಾ, ಕೊಸೊವೊ, ಮಾಂಟೆನೆಗ್ರೊ ಸೇರುವ ಕಡೆ ಒಂದು ಬೆಟ್ಟಸಾಲಿದೆ. ಅಲ್ಬೇನಿಯನ್ನರೂ ಸ್ಲಾವ್ ಭಾಷಿಕರೂ ಅದನ್ನು "ಶಾಪಗ್ರಸ್ತ ಬೆಟ್ಟ" ಅಂತಲೇ ಕರೆಯುತ್ತಾರೆ. ಅದರ ಮೇಲೆ ಮೂರು ದೇಶ ಸುತ್ತುವ 192 ಕಿಲೋಮೀಟರ್ ಕಾಲುದಾರಿ ಇದೆ. ಹತ್ತು ದಿನದ ನಡಿಗೆ. ಜರ್ಮನಿಯ ಅಭಿವೃದ್ಧಿ ಸಂಸ್ಥೆ ಜಿಐಜೆಡ್ ಜೊತೆಗೂಡಿ ಮೂರೂ ಕಡೆಯ ಸ್ಥಳೀಯರು ಇದನ್ನು ಗುರುತು ಹಾಕಿ ಮಾಡಿದರು. 2013ರಲ್ಲಿ ವಿಶ್ವ ಪ್ರವಾಸೋದ್ಯಮ ಮಂಡಳಿಯ ಪ್ರಶಸ್ತಿಯೂ ಬಂತು.

ಈ ಮಾದರಿಯ ಬಲ ಅದರ ಸರಳತೆಯಲ್ಲಿದೆ. ಹೊಸದಾಗಿ ಕಟ್ಟಿದ್ದು ತೀರಾ ಕಡಿಮೆ. ಕುರಿ ಕಾಯುವವರು ನಡೆಯುತ್ತಿದ್ದ ದಾರಿಗೆ ಬಣ್ಣದ ಗುರುತು, ನಕ್ಷೆ, ಗಡಿ ದಾಟುವ ಅನುಮತಿಗೆ ಒಂದು ಏರ್ಪಾಡು, ಮನೆಗಳಲ್ಲಿ ನಾಲ್ಕು ಹಾಸಿಗೆ. ಉಳಿದದ್ದನ್ನು ನಡೆಯುವವರೇ ಮಾಡುತ್ತಾರೆ, ಯಾಕೆಂದರೆ ದುಡ್ಡು ನೇರವಾಗಿ ಅಡುಗೆ ಮಾಡುವವರ ಕೈಗೆ ಬರುತ್ತದೆ.

ಈ ಬೆಟ್ಟಗಳಲ್ಲಿ ಫ್ಲಿಯಾ ಅಂತ ಒಂದು ತಿಂಡಿ ಮಾಡುತ್ತಾರೆ. ಅದನ್ನು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಮೈದಾ, ನೀರು, ಉಪ್ಪು ಕಲಸಿದ ಹಿಟ್ಟು, ನೀರುದೋಸೆಗಿಂತ ಸ್ವಲ್ಪ ಗಟ್ಟಿ. ಅಗಲವಾದ ತಟ್ಟೆಯಲ್ಲಿ ಸೂರ್ಯನ ಕಿರಣದ ಹಾಗೆ ಗೆರೆ ಗೆರೆಯಾಗಿ ಸುರಿಯುತ್ತಾರೆ. ಬೆಂಕಿಯಲ್ಲಿ ಕಾಯಿಸಿದ ಕಬ್ಬಿಣದ ಮುಚ್ಚಳ ಮೇಲಿಡುತ್ತಾರೆ. ಆ ಪದರ ಬೆಂದ ಮೇಲೆ ಕೆನೆ ಸವರಿ, ಬಿಟ್ಟ ಜಾಗದಲ್ಲಿ ಇನ್ನೊಂದು ಪದರ. ಹೀಗೇ ಹದಿನೈದು ಇಪ್ಪತ್ತು ಸಲ. ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಮುಚ್ಚಳ ಎತ್ತಿ ಇಳಿಸಿ ಎತ್ತಿ ಇಳಿಸಿ ಹೆಂಗಸರ ಮಣಿಕಟ್ಟು ಸೋತುಹೋಗುತ್ತದೆ. ಒಂದು ಮನೆಗೆ ಎಷ್ಟು ಜನ ಅತಿಥಿಗಳು ಬರಬಹುದು ಅನ್ನುವುದಕ್ಕೆ ನಿಜವಾದ ಮಿತಿ ಅದೇ. ಹಾಸಿಗೆ ಎಷ್ಟು ಬೇಕಾದರೂ ಹಾಕಬಹುದು, ಫ್ಲಿಯಾ ಮಾಡುವ ಕೈ ಎರಡೇ. ಯಾವ ಯೋಜನಾ ವರದಿಯಲ್ಲೂ ಈ ಲೆಕ್ಕ ನನಗೆ ಕಂಡಿಲ್ಲ. ಪ್ರಬಂಧಕ್ಕೆ ವಿಷಯ ಬೇಕಾದವರು ದಯವಿಟ್ಟು ಇದನ್ನು ಬರೆಯಿರಿ.

ಕೊರತೆಯೂ ಇದೆ. ಋತು ಚಿಕ್ಕದು: ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಆಮೇಲೆ ಹಿಮ. ದಾರಿ ಮೇಲಿನ ಮನೆಗೆ ಆದಾಯ, ಎರಡು ಕಿಲೋಮೀಟರ್ ಆಚೆ ಇರುವ ಮನೆಗೆ ಇಲ್ಲ. ಬೆಟ್ಟದ ಮೇಲೆ ಗಡಿ ಠಾಣೆ ಇಲ್ಲದ್ದರಿಂದ ಅನುಮತಿ ಪತ್ರವನ್ನು ಮೊದಲೇ ಮಾಡಿಸಬೇಕು. ನಾನು ಹೋದಾಗ ಅದನ್ನು ಮಾಡಿಸಲು ಒಪ್ಪಿಕೊಂಡಿದ್ದ ಏಜೆನ್ಸಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಿತು. ಅಲ್ಬೇನಿಯಾದ ಥೆಥ್‌ನಿಂದ ಬೆಟ್ಟ ಹತ್ತಿ ಇಳಿದರೆ ಒಂದು ದಿನಕ್ಕೆ ಮಾಂಟೆನೆಗ್ರೊದ ವುಸಾನ್ಯೆ. ನಾನು ಶ್ಕೋಡರ್, ಪೊಡ್ಗೊರಿಟ್ಸಾ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ಒಂದು ಬೆಟ್ಟದ ಆ ಕಡೆ ಈ ಕಡೆ ಇರುವವರಿಗೆ ಗಡಿ ಅಂದರೆ ಏನು ಅಂತ ಆ ಬಸ್ಸಿನಲ್ಲಿ ನನಗೆ ಅರ್ಥವಾಯಿತು.

ಊರವರು ಒಟ್ಟಿಗೆ ಕೂರುವ ದಾರಿ: ಪ್ರದೇಶವನ್ನೇ ಘಟಕ ಮಾಡುವುದು

2005ರಲ್ಲಿ ಈ ಭಾಗದ ಕೃಷಿ ಸಚಿವಾಲಯಗಳು ಸೇರಿ ಒಂದು ಸ್ಥಾಯಿ ಕಾರ್ಯತಂಡ ಮಾಡಿಕೊಂಡವು. ಕಚೇರಿ ಉತ್ತರ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪ್ಯೆಯಲ್ಲಿದೆ. ಅವರು ಮುಂದಿಟ್ಟ ವಿಧಾನ ಹೀಗೆ: ದೇಶದ ಗಡಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದೇ ಥರದ ಬೆಟ್ಟ, ಒಂದೇ ನದಿ ಇರುವ ಪ್ರದೇಶವನ್ನು ಗುರುತಿಸಿ. ಎರಡೂ ಮೂರೂ ಕಡೆಯ ಪುರಸಭೆ, ರೈತರು, ಸಣ್ಣ ವ್ಯಾಪಾರಿಗಳು, ಸಂಘಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ. ಏನು ಬೇಕು ಅಂತ ಅವರೇ ಪಟ್ಟಿ ಮಾಡಲಿ. ಆಮೇಲೆ ಸಣ್ಣ ಅನುದಾನ.

ಡ್ರಿನಾ–ತಾರಾ ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆ. ಡ್ರಿನಾ 346 ಕಿಲೋಮೀಟರ್ ಉದ್ದದ ನದಿ, ಹೆಚ್ಚಿನ ದೂರ ಬೋಸ್ನಿಯಾ ಮತ್ತು ಸರ್ಬಿಯಾದ ಗಡಿಯೇ ಅದು. ಬೋಸ್ನಿಯಾ ದಡದಲ್ಲಿ ಸ್ರೆಬ್ರೆನಿಟ್ಸಾ, ಬ್ರಾಟುನಾಟ್ಸ್; ಸರ್ಬಿಯಾ ದಡದಲ್ಲಿ ಬಾಯಿನಾ ಬಾಷ್ಟಾ. 1992ರಿಂದ 1995ರ ಯುದ್ಧದಲ್ಲಿ ಅಲ್ಲಿ ಆದ ಸಾಮೂಹಿಕ ಹತ್ಯೆಗಳನ್ನು ನೆನೆದರೆ ಮಾತು ಬರುವುದಿಲ್ಲ. ಈಗ ಎರಡೂ ದಡದಲ್ಲಿ ರಾಸ್ಪ್‌ಬೆರಿ ಬೆಳೆಯುತ್ತಾರೆ. ಅದೇ ಮಣ್ಣು, ಅದೇ ಹವೆ, ಅದೇ ಬೆಲೆ ಕುಸಿತ, ಅದೇ ಕೀಳುವ ಕೈಗಳ ಕೊರತೆ. ಹಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಶೈತ್ಯಾಗಾರ ಹತ್ತಿರ ಇರಲೇಬೇಕು. ರಾಜಕೀಯ ಮಾತಾಡಲು ಕೂರಿಸಿದರೆ ಹತ್ತು ನಿಮಿಷದಲ್ಲಿ ಎದ್ದು ಹೋಗುವವರು ಹಣ್ಣಿನ ಬೆಲೆ ಮಾತಾಡಲು ಸಂಜೆವರೆಗೂ ಕೂರುತ್ತಾರೆ. ಈ ವಿಧಾನದ ಮೇಲೆ ನನಗೆ ಪ್ರೀತಿ ಇರುವುದು ಇದಕ್ಕೇ.

ಶಾರ್ ಬೆಟ್ಟ ಇನ್ನೊಂದು. ಕೊಸೊವೊ ಮತ್ತು ಉತ್ತರ ಮ್ಯಾಸಿಡೋನಿಯಾ ನಡುವೆ ಹರಡಿದೆ, ಒಂದು ಕೊನೆ ಅಲ್ಬೇನಿಯಾಕ್ಕೂ ತಾಗುತ್ತದೆ. ಬೇಸಿಗೆಯಲ್ಲಿ ಕುರಿ ಮಂದೆ ಮೇಲೆ ಹೋಗುತ್ತದೆ, ಗುಡಿಸಲಲ್ಲೇ ಚೀಸ್ ಮಾಡುತ್ತಾರೆ. ಬಿಳಿ, ಗಟ್ಟಿ, ಉಪ್ಪುನೀರಲ್ಲಿ ಇಟ್ಟದ್ದು. ಎರಡೂ ಕಡೆ ಅದೇ ಚೀಸ್, ಅದೇ ರುಚಿ, ಕಾವಲಿಗೂ ಅದೇ ದಪ್ಪ ಕೂದಲಿನ ಶಾರ್ ನಾಯಿ. ಆದರೆ ಗುಡಿಸಲಿನ ಚೀಸ್ ಕಾನೂನು ಪ್ರಕಾರ ಆ ಕಡೆ ಹೋಗಿ ಮಾರಾಟ ಆಗುವಂತಿಲ್ಲ. ನೋಂದಾಯಿತ ಡೇರಿ ಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. ಊರವರು ಒಟ್ಟಿಗೆ ಕೂತು ಪಟ್ಟಿ ಮಾಡುವಾಗ ಇದು ಮೊದಲ ಸಾಲಲ್ಲೇ ಬರುತ್ತದೆ. ಆದರೆ ಬಿಡಿಸುವ ಕೀಲಿ ಅವರ ಕೈಯಲ್ಲಿಲ್ಲ, ರಾಜಧಾನಿಯಲ್ಲಿದೆ.

ಈ ದಾರಿಯ ಮಿತಿ ಅಲ್ಲೇ ಇದೆ. ಊರವರು ಸರಿಯಾದ್ದನ್ನೇ ಕೇಳುತ್ತಾರೆ, ಕೊಡುವ ಅಧಿಕಾರ ಮಾತ್ರ ಬೇರೆಯವರದು. ಅನುದಾನವೂ ಚಿಕ್ಕದು. ನಂಬಿಕೆ ಬೆಳೆಯಲು ವರ್ಷಗಳು ಬೇಕು, ಯೋಜನೆ ಅದಕ್ಕಿಂತ ಮೊದಲೇ ಮುಗಿಯುತ್ತದೆ. ಆದರೂ ಆ ಕಡೆಯ ಪಂಪ್‌ಸೆಟ್ ಮೆಕ್ಯಾನಿಕ್‌ನ ಫೋನ್ ನಂಬರ್ ಈ ಕಡೆಯವರ ಹತ್ತಿರ ಉಳಿಯುತ್ತದೆ. ಅದನ್ನು ಸಣ್ಣದು ಅಂದುಕೊಳ್ಳಬೇಡಿ.

ಕಾಗದದ ದಾರಿ: ಇಬ್ಬರು ನೆರೆಯವರ ಯೋಜನೆಗಳು

ಯೂರೋಪಿಯನ್ ಒಕ್ಕೂಟ ಸೇರುವ ಮುನ್ನ ಸಿಗುವ ನೆರವಿಗೆ ಐಪಿಎ ಅನ್ನುತ್ತಾರೆ. ಅದರಲ್ಲಿ ಎರಡೆರಡು ದೇಶಗಳ ಗಡಿ ಯೋಜನೆಗಳಿವೆ: ಅಲ್ಬೇನಿಯಾ–ಕೊಸೊವೊ, ಸರ್ಬಿಯಾ–ಬೋಸ್ನಿಯಾ, ಹೀಗೆ. ಎರಡೂ ಕಡೆಯ ತಲಾ ಒಂದಾದರೂ ಸಂಸ್ಥೆ ಇರಬೇಕು, ಲಾಭಕ್ಕೆ ನಡೆಯುವ ಕಂಪನಿ ಆಗಬಾರದು. ಖರ್ಚಿನಲ್ಲಿ ಒಕ್ಕೂಟ ಕೊಡುವುದು ಹೆಚ್ಚೆಂದರೆ 85 ಶೇಕಡ, ಉಳಿದ 15 ಅರ್ಜಿದಾರರೇ ಹೊಂದಿಸಬೇಕು.

ಈ 15 ಶೇಕಡವೇ ದೊಡ್ಡ ಜರಡಿ. ಪುರಸಭೆಗೆ ಕಷ್ಟವಿಲ್ಲ, ದೊಡ್ಡ ಸ್ವಯಂಸೇವಾ ಸಂಸ್ಥೆಗೂ ನಡೆಯುತ್ತದೆ. ಐದು ಜನರ ಮಹಿಳಾ ಸಂಘಕ್ಕೆ ಆಗುವುದಿಲ್ಲ. ಅರ್ಜಿ ಬರೆಯಲು ಬಲ್ಲವರು ಪಟ್ಟಣದಲ್ಲಿದ್ದಾರೆ, ಹಾಗಾಗಿ ದುಡ್ಡಿನ ಒಂದು ಭಾಗ ಅಲ್ಲೇ ನಿಲ್ಲುತ್ತದೆ. ಒಳ್ಳೆಯದೂ ಇದೆ: ಸೇತುವೆ ದುರಸ್ತಿ, ಕಸ ವಿಲೇವಾರಿ, ಬೆಂಕಿ ಆರಿಸುವ ವಾಹನ, ಇಂಥದಕ್ಕೆ ಬೇಕಾಗುವ ಮೊತ್ತ ಹಿಂದಿನ ಎರಡು ದಾರಿಯಲ್ಲಿ ಸಿಗುವುದಿಲ್ಲ. ಪುರಸಭೆ ಜೊತೆ ಕೆಲಸ ಮಾಡುವವರು ಇದನ್ನೇ ಹಿಡಿಯಿರಿ.

ಇದೇ ಕುಟುಂಬದ ತೀರಾ ಚಿಕ್ಕ ಸದಸ್ಯ ವೆಸ್ಟರ್ನ್ ಬಾಲ್ಕನ್ಸ್ ಫಂಡ್. ಕಚೇರಿ ಅಲ್ಬೇನಿಯಾದ ರಾಜಧಾನಿ ಟಿರಾನಾದಲ್ಲಿದೆ. ಪೋಲೆಂಡ್, ಚೆಕ್, ಸ್ಲೊವಾಕಿಯಾ, ಹಂಗೆರಿ ಸೇರಿ 2000ದಲ್ಲಿ ಮಾಡಿಕೊಂಡ ವಿಶೆಗ್ರಾಡ್ ನಿಧಿಯನ್ನು ನೋಡಿ ಕಟ್ಟಿದ್ದು. ಮೊತ್ತ ಸಣ್ಣದು, ಯುವಕರ ಶಿಬಿರ, ಜಾನಪದ ಮೇಳ, ತರಬೇತಿಗೆ ಸಾಕು. ಸರ್ಬಿಯಾ ಕೊಸೊವೊವನ್ನು ದೇಶ ಅಂತ ಒಪ್ಪುವುದಿಲ್ಲ, ಆದರೂ ಎರಡೂ ಅದರಲ್ಲಿ ಸದಸ್ಯರು ಅನ್ನುವುದೇ ಅದರ ದೊಡ್ಡತನ. ಮೊದಲ ಸಲ ಪಕ್ಕದವರ ಪರಿಚಯ ಮಾಡಿಕೊಳ್ಳಲು ಇದು ಸರಿಯಾದ ಬಾಗಿಲು, ರೈತನ ಆದಾಯ ಹೆಚ್ಚಿಸಲು ಅಲ್ಲ.

ಸರಕು ದಾಟುವ ದಾರಿ: ಸೆಫ್ಟಾ

1992ರಲ್ಲಿ ಕ್ರಾಕೋವ್‌ನಲ್ಲಿ ಪೋಲೆಂಡ್, ಹಂಗೆರಿ, ಚೆಕೊಸ್ಲೊವಾಕಿಯಾ ಸೇರಿ ಶುರು ಮಾಡಿದ ವ್ಯಾಪಾರ ಒಪ್ಪಂದ ಇದು. ಅವರೆಲ್ಲ ಯೂರೋಪಿಯನ್ ಒಕ್ಕೂಟಕ್ಕೆ ಹೋದ ಮೇಲೆ 2006ರಲ್ಲಿ ಬುಕಾರೆಸ್ಟ್‌ನಲ್ಲಿ ಹೊಸದಾಗಿ ಸಹಿ ಹಾಕಿದರು. ಈಗ ಈ ಆರು ಮತ್ತು ಮಾಲ್ಡೋವಾ ಇದರಲ್ಲಿವೆ. ಬಹುತೇಕ ಕೃಷಿ ಉತ್ಪನ್ನಕ್ಕೆ ಸುಂಕ ಇಲ್ಲ.

ಸುಂಕ ಇಲ್ಲ ಅಂದ ಮಾತ್ರಕ್ಕೆ ತಡೆ ಇಲ್ಲ ಅಂತ ಅಲ್ಲ. ಪ್ರಮಾಣಪತ್ರ, ಪ್ರಯೋಗಾಲಯದ ವರದಿ, ಠಾಣೆಯಲ್ಲಿ ಕಾಯುವ ಲಾರಿ. ಮೆಣಸಿನಕಾಯಿ, ಟೊಮೆಟೊ ಬೆಳೆದವರಿಗೆ ಒಂದೊಂದು ಗಂಟೆಯೂ ಬೆಲೆಯೇ. 2020ರ ಕೋವಿಡ್ ಹೊತ್ತಿನಲ್ಲಿ ಆಹಾರ, ಔಷಧಿ ಲಾರಿಗಳಿಗೆ "ಹಸಿರು ಪಥ" ಮಾಡಿ, ಕಾಗದಗಳನ್ನು ಮುಂಚೆಯೇ ಕಂಪ್ಯೂಟರಿನಲ್ಲಿ ಕಳಿಸುವ ವ್ಯವಸ್ಥೆ ತಂದರು. ಅದು ನಿಜಕ್ಕೂ ಉಪಯೋಗಕ್ಕೆ ಬಂತು.

ಆದರೆ ರಾಜಕೀಯ ಒಂದೇ ರಾತ್ರಿಯಲ್ಲಿ ಇದನ್ನೆಲ್ಲ ಮಗುಚಬಲ್ಲದು. 2018ರ ನವೆಂಬರ್‌ನಲ್ಲಿ ಸರ್ಬಿಯಾ ಮತ್ತು ಬೋಸ್ನಿಯಾದ ಸರಕಿನ ಮೇಲೆ ಕೊಸೊವೊ 100 ಶೇಕಡ ಸುಂಕ ಹಾಕಿತು. ತೆಗೆದದ್ದು 2020ರ ಏಪ್ರಿಲ್‌ನಲ್ಲಿ. ಒಪ್ಪಂದ ಅದೇ, ರೈತರು ಅವರೇ, ಮಾರುಕಟ್ಟೆ ಮಾತ್ರ ಇಲ್ಲ. ಸರ್ಬಿಯಾ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ 2019ರಲ್ಲಿ ಶುರು ಮಾಡಿ 2021ರಲ್ಲಿ "ಓಪನ್ ಬಾಲ್ಕನ್" ಅಂತ ಹೆಸರಿಟ್ಟ, ಗಡಿ ತಡೆ ಕಡಿಮೆ ಮಾಡುವ ಪ್ರಯತ್ನವೂ ಹಾಗೇ. ಉಳಿದ ಮೂವರು ಸೇರಲಿಲ್ಲ, 2023ರಲ್ಲಿ ಅಲ್ಬೇನಿಯಾದ ಪ್ರಧಾನಿ ಎದಿ ರಾಮಾ ಅದರ ಕೆಲಸ ಮುಗಿಯಿತು ಅಂದರು. ಇದನ್ನು ಮಾದರಿ ಅಂತ ಆರಿಸಬೇಡಿ, ಇತಿಹಾಸ ಅಂತ ಓದಿ.

ವ್ಯಾಪಾರ, ಅರ್ಥಶಾಸ್ತ್ರ ಓದುವವರಿಗೆ ಸೆಫ್ಟಾ ಸರಿ. ಅಂಕಿಅಂಶ ಮನೆಯಲ್ಲಿ ಕೂತೇ ಸಿಗುತ್ತವೆ, ಪ್ರಯಾಣದ ಖರ್ಚು ಇಲ್ಲ. ಊರಿನ ಕಥೆ ಬೇಕಾದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಗಡಿ ದಾಟದ ದಾರಿ: ಐಪಾರ್ಡ್ ಮತ್ತು ಲೀಡರ್

ಇದನ್ನು ಈ ಪಟ್ಟಿಗೆ ಯಾಕೆ ಸೇರಿಸಿದೆ ಅಂತ ಕೇಳಬಹುದು. ಹಳ್ಳಿಗೆ ಬರುವ ದೊಡ್ಡ ದುಡ್ಡು ಇಲ್ಲಿಂದಲೇ ಬರುತ್ತದೆ, ಅದಕ್ಕೆ. ಐಪಾರ್ಡ್ ಅಂದರೆ ಮೇಲೆ ಹೇಳಿದ ಐಪಿಎ ನೆರವಿನಲ್ಲಿ ಗ್ರಾಮೀಣಾಭಿವೃದ್ಧಿಗೆ ಇರುವ ಭಾಗ. ಐಪಾರ್ಡ್‌ನಲ್ಲಿ ಟ್ರ್ಯಾಕ್ಟರ್, ಹಸಿರುಮನೆ, ಹಾಲು ತಂಪು ಮಾಡುವ ಟ್ಯಾಂಕ್, ಅತಿಥಿಗೃಹ ಇವುಗಳ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಸಿಗುತ್ತದೆ. "ವಾಪಸ್" ಅನ್ನುವ ಪದ ಗಮನಿಸಿ. ಮೊದಲು ರೈತ ಪೂರ್ತಿ ಕಟ್ಟಬೇಕು, ಪರಿಶೀಲನೆ ಆದ ಮೇಲೆ ದುಡ್ಡು. ಸಾಲ ಸಿಗುವವನಿಗೆ ಐಪಾರ್ಡ್, ಸಿಗದವನಿಗೆ ಇಲ್ಲ. ಒಂದು ಹೆಕ್ಟೇರನ್ನು ನಾಲ್ಕು ಚೂರಲ್ಲಿ ಇಟ್ಟುಕೊಂಡವನಿಗೆ ಬ್ಯಾಂಕ್ ಸಾಲ ಕೊಡುವುದು ಎಷ್ಟು ಕಷ್ಟ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಬೋಸ್ನಿಯಾಕ್ಕೆ ಇನ್ನೊಂದು ತೊಡಕು: ಅಲ್ಲಿ ಇಡೀ ದೇಶಕ್ಕೆ ಒಂದು ಕೃಷಿ ಸಚಿವಾಲಯವೇ ಇಲ್ಲ, ಹಾಗಾಗಿ ಈ ದುಡ್ಡು ಪಡೆಯುವುದೇ ಕಷ್ಟ.

ಲೀಡರ್ ಅನ್ನುವುದು 1991ರಲ್ಲಿ ಪಶ್ಚಿಮ ಯೂರೋಪಿನಲ್ಲಿ ಶುರುವಾದ ಪದ್ಧತಿ. ಊರುಗಳ ಗುಂಪೊಂದು ಸೇರಿ ತನ್ನ ಯೋಜನೆ ತಾನೇ ಬರೆಯುತ್ತದೆ, ಸರ್ಕಾರಿ ಕಡೆಯವರ ಮತ ಅರ್ಧ ಮುಟ್ಟಬಾರದು. ಗ್ರಾಮಸಭೆಯ ಮೇಲೆ ಕೆಲಸ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಹೋಲಿಕೆಗೂ ಒಗ್ಗುತ್ತದೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಕೈಯಲ್ಲಿ ಎರಡು ಮೂರು ವಾರ, ಜೇಬಲ್ಲಿ ಸ್ವಲ್ಪ ದುಡ್ಡು, ಭಾಷೆ ಬರುವುದಿಲ್ಲ ಅಂದರೆ ಕಾಲುದಾರಿಯನ್ನೇ ಆರಿಸಿ. ಅತಿಥಿಗೃಹದ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ, ಅವರೇ ಅಜ್ಜಿಯ ಮಾತನ್ನು ಹೇಳುತ್ತಾರೆ. ಮೂರು ತಿಂಗಳು ಇದ್ದು ಒಬ್ಬ ದುಭಾಷಿಗೆ ಕೊಡಲು ದುಡ್ಡಿದ್ದರೆ ಡ್ರಿನಾ ದಡಕ್ಕೆ ಹೋಗಿ. ಅಲ್ಲಿ ಎರಡೂ ದಡದ ಮಾತು ಹೆಚ್ಚುಕಡಿಮೆ ಒಂದೇ, ಒಬ್ಬ ದುಭಾಷಿ ಸಾಕು. ಶಾರ್ ಬೆಟ್ಟಕ್ಕೆ ಅಲ್ಬೇನಿಯನ್ನೂ ಬೇಕು, ಸ್ಲಾವ್ ಭಾಷೆಯೂ ಬೇಕು, ಖರ್ಚು ಜಾಸ್ತಿ. ನಮ್ಮಲ್ಲಿ ರೈತ ಸಂಘ ಕಟ್ಟುವವರಿಗೆ, ಓದುವುದಷ್ಟೇ ಸಾಧ್ಯ ಅನ್ನುವವರಿಗೆ, ಲೀಡರ್ ಮತ್ತು ಐಪಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳುತ್ತೇನೆ: ಒಂದರಲ್ಲಿ ತೀರ್ಮಾನ ಊರಿನದು, ಇನ್ನೊಂದರಲ್ಲಿ ದುಡ್ಡು ಇದ್ದವನದು.

ಹೊರಡುವವರಿಗೆ ವೀಸಾ ಮಾತು. ಹಲವು ಸಲ ಹೋಗಿಬರುವ ಷೆಂಗೆನ್ ವೀಸಾ ಇದ್ದರೆ ಈ ನಾಡುಗಳಲ್ಲಿ ಹೆಚ್ಚಿನವು ಸ್ವಲ್ಪ ದಿನಕ್ಕೆ ಒಳಗೆ ಬಿಡುತ್ತವೆ, ಆದರೆ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಮತ್ತೆ ನೋಡಿ. ಕೊಸೊವೊವನ್ನು ಭಾರತ ಮಾನ್ಯ ಮಾಡಿಲ್ಲ, ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ. ಪಾಸ್‌ಪೋರ್ಟ್ ಕಳೆದರೆ ಕಷ್ಟ. ಅಲ್ಬೇನಿಯಾ ಕಡೆಯಿಂದ ಕೊಸೊವೊಗೆ ಹೋಗಿ ಅಲ್ಲಿಂದ ನೇರ ಸರ್ಬಿಯಾಕ್ಕೆ ಹೊರಟರೆ ಸರ್ಬಿಯಾದ ಠಾಣೆಯಲ್ಲಿ ತಡೆಯಬಹುದು, ಯಾಕೆಂದರೆ ಅವರ ಲೆಕ್ಕದಲ್ಲಿ ನೀವು ಅವರ ದೇಶಕ್ಕೆ ಅನುಮತಿ ಇಲ್ಲದೆ ನುಗ್ಗಿದವರು. ಮೊದಲು ಸರ್ಬಿಯಾ ನೋಡಿಕೊಂಡು ಆಮೇಲೆ ಕೊಸೊವೊ ಇಟ್ಟುಕೊಳ್ಳಿ. ಕುರಿ ಮಂದೆ ಬೆಟ್ಟದ ಮೇಲಿರುವಾಗಲೇ ಹೋಗಬೇಕು. ಸೆಪ್ಟೆಂಬರ್ ಕಳೆದ ಮೇಲೆ ಹೋದರೆ ಕಾಲುದಾರಿಯ ಮೇಲಿರುವ ಡೊಬರ್ಡೋಲ್‌ನ ಗುಡಿಸಲುಗಳಲ್ಲಿ ಮಾತಾಡಿಸಲು ಯಾರೂ ಇರುವುದಿಲ್ಲ.